ಭಾರ ಎತ್ತಬೇಡಿ ಎಂದ ಮೇಲೆ

ನಮ್ಮ ಸೋದರತ್ತೆ ಬಾವಿಯಿಂದ ನೀರು ಸೇದಿ, ತಾಮ್ರದ ಕೊಡವನ್ನು ಸೊಂಟಕ್ಕೆ ಏರಿಸುವ ಮೊದಲು ಒಂದು ಕ್ಷಣ ನಿಲ್ಲುತ್ತಿದ್ದರು. ಎಡಗೈಯಿಂದ ಸೀರೆಯ ನೆರಿಗೆಯನ್ನು ಕಿಬ್ಬೊಟ್ಟೆಯ ಕೆಳಗೆ ಒತ್ತಿ ಹಿಡಿದು, ತುಟಿ ಬಿಗಿದು, ಆಮೇಲೆ ಕೊಡ ಎತ್ತುತ್ತಿದ್ದರು. ಚಿಕ್ಕವಳಾಗಿದ್ದ ನನಗೆ ಅದು ಅವರ ಅಭ್ಯಾಸ ಅನ್ನಿಸಿತ್ತು. ಹಳೇ ಸೀರೆಯ ಬಟ್ಟೆಯನ್ನು ಅವರು ಒಳಗೆ ಲಂಗೋಟಿಯ ಹಾಗೆ ಬಿಗಿದು ಕಟ್ಟಿಕೊಂಡಿರುತ್ತಿದ್ದರು ಎಂಬುದು ಅವರು ತೀರಿಕೊಂಡ ಮೇಲೆ ಅಮ್ಮ ಹೇಳಿದಾಗ ಗೊತ್ತಾಯಿತು. ಐದು ಹೆರಿಗೆ ಆಗಿತ್ತು. "ಏನೋ ಕೆಳಗೆ ಬಂದಂಗಾಗ್ತದೆ ಅಂತ ಒಂದ್ಸಲ ಅಂದಿದ್ಲು. ಆಮೇಲೆ ಆ ಮಾತೇ ಎತ್ತಲಿಲ್ಲ" ಎಂದರು ಅಮ್ಮ.

ನಲವತ್ತಾರನೇ ವಯಸ್ಸಿನಲ್ಲಿ ಅದೇ ಮಾತನ್ನು ನಾನು ಡಾಕ್ಟರ ಮುಂದೆ ಹೇಳಿದೆ. ಮೂತ್ರಕೋಶ ಇಳಿದಿದೆ, ಎರಡನೇ ಹಂತ, ಈಗಲೇ ಆಪರೇಷನ್ ಬೇಡ, ಭಾರ ಎತ್ತಬೇಡಿ, ವ್ಯಾಯಾಮ ಗೀಯಾಮ ಎಲ್ಲ ನಿಲ್ಲಿಸಿ ಎಂದರು. ಐದು ನಿಮಿಷದಲ್ಲಿ ಹೊರಗೆ ಬಂದಿದ್ದೆ. ಮನೆಗೆ ಬಂದಾಗ ಬಾಗಿಲಲ್ಲಿ ಗ್ಯಾಸ್ ಸಿಲಿಂಡರ್ ನಿಂತಿತ್ತು. ಒಳಗಿನ ಅನಿಲವೇ 14.2 ಕೆಜಿ, ಕಬ್ಬಿಣ ಸೇರಿದರೆ ಸುಮಾರು 30. ಪಕ್ಕದಲ್ಲಿ 20 ಲೀಟರಿನ ನೀರಿನ ಕ್ಯಾನು. ಇವನ್ನು ಇನ್ನು ಯಾರು ಎತ್ತಬೇಕು ಎಂದು ಅವರು ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಮುಂದಿನ ಕೆಲವು ತಿಂಗಳು ಹೆದರಿ ಬೆಳಗಿನ ನಡಿಗೆಯನ್ನೂ ಬಿಟ್ಟು ಕೂತೆ. ಮಂಡಿ ಬಿಗಿಯಿತು, ತೂಕ ಏರಿತು, ಕೆಳಗಿನ ಭಾರ ಮಾತ್ರ ಇದ್ದ ಹಾಗೇ ಇತ್ತು. ಗರ್ಭಕೋಶವೋ ಮೂತ್ರಕೋಶವೋ ಜಾರಿದ ಹೆಂಗಸು ಮೈ ದಂಡಿಸಬಹುದೇ, ಎಷ್ಟು, ಹೇಗೆ ಎಂಬ ಪ್ರಶ್ನೆಗೆ ವೈದ್ಯಲೋಕ ಈವರೆಗೆ ಏನು ಉತ್ತರ ಕಂಡುಕೊಂಡಿದೆ ಎಂದು ಹುಡುಕತೊಡಗಿದ್ದು ಆಗ.

ಒಳಗೆ ಆಗಿರುವುದು ಇಷ್ಟು. ಸೊಂಟದ ಮೂಳೆಗಳು ಸೇರಿ ಒಂದು ಬೋಗುಣಿಯ ಆಕಾರ. ಅದಕ್ಕೆ ಗಟ್ಟಿ ತಳವಿಲ್ಲ. ಮುಂದಿನ ಮೂಳೆಯಿಂದ ಹಿಂದಿನ ಬಾಲಮೂಳೆಯವರೆಗೆ ಜೋಲಿಯ ಹಾಗೆ ಹರಡಿಕೊಂಡ ಸ್ನಾಯುಗಳೇ ತಳ. ಡಾಕ್ಟರುಗಳು ಪೆಲ್ವಿಕ್ ಫ್ಲೋರ್ ಅನ್ನುತ್ತಾರೆ, ನಾನು ತಳದ ಸ್ನಾಯು ಎಂದೇ ಬರೆಯುತ್ತೇನೆ. ಮೂತ್ರಕೋಶ, ಗರ್ಭಕೋಶ, ಮಲಾಶಯ ಇವುಗಳಿಗೆ ಕೆಳಗಿನಿಂದ ಈ ಜೋಲಿಯ ಆಸರೆ, ಮೇಲಿನಿಂದ ಹಗ್ಗದಂಥ ಅಸ್ಥಿಬಂಧಗಳ ಹಿಡಿತ. ಅಮೆರಿಕದ ವೈದ್ಯೆ ಪೆಗ್ಗಿ ನಾರ್ಟನ್ ಇದನ್ನು ಬಂದರಿನಲ್ಲಿ ಕಟ್ಟಿದ ಹಡಗಿಗೆ ಹೋಲಿಸಿದ್ದರು. ನೀರು ತುಂಬಿರುವ ತನಕ ಹಗ್ಗಗಳಿಗೆ ಶ್ರಮವಿಲ್ಲ. ನೀರು ಇಳಿದರೆ ಹಡಗಿನ ಪೂರ್ತಿ ತೂಕ ಹಗ್ಗಕ್ಕೆ ಬೀಳುತ್ತದೆ, ಹಗ್ಗ ಜಗ್ಗಿ ಸಡಿಲಾಗುತ್ತದೆ. ಆ ನೀರೇ ತಳದ ಸ್ನಾಯು. ಮಲ್ಪೆಯ ದಕ್ಕೆಯಲ್ಲಿ ಇಳಿತದ ಹೊತ್ತು ದೋಣಿಗಳ ಹಗ್ಗ ಬಿಗಿದು ನಿಂತದ್ದನ್ನು ನೋಡಿದವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ನೀರು ಇಳಿಯಲು ಕಾರಣಗಳು ಹಲವು. ಹೆರಿಗೆಯದೇ ದೊಡ್ಡ ಪಾಲು. ಮಗುವಿನ ತಲೆ ಹಾದು ಬರುವಾಗ ಸ್ನಾಯು ಹಲವು ಪಟ್ಟು ಹಿಗ್ಗುತ್ತದೆ, ಕೆಲವರಲ್ಲಿ ಮೂಳೆಯಿಂದಲೇ ಕಿತ್ತುಬರುತ್ತದೆ, ಇಕ್ಕಳ ಹಾಕಿದ ಹೆರಿಗೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ಆಮೇಲೆ ಮುಟ್ಟು ನಿಲ್ಲುವ ವಯಸ್ಸು, ಮಲಬದ್ಧತೆ, ಬಿಡದ ಕೆಮ್ಮು, ಬೊಜ್ಜು, ಹುಟ್ಟಿನಿಂದಲೇ ಬಂದ ಸಡಿಲ ಅಂಗಾಂಶ. ಅಮೆರಿಕದಲ್ಲಿ 50ರಿಂದ 79 ವಯಸ್ಸಿನ ಮಹಿಳೆಯರನ್ನು ಪರೀಕ್ಷಿಸಿದ ದೊಡ್ಡ ಅಧ್ಯಯನದ ಅಂಕಿಗಳು 2002ರಲ್ಲಿ ಬಂದವು. ಗರ್ಭಕೋಶ ಇರುವವರ ಪೈಕಿ ಮೂತ್ರಕೋಶ ಇಳಿದವರು ಶೇ 34, ಮಲಾಶಯ ಉಬ್ಬಿ ಬಂದವರು ಶೇ 19, ಗರ್ಭಕೋಶವೇ ಇಳಿದವರು ಶೇ 14. ಬಹುತೇಕ ಸೌಮ್ಯ ಹಂತದವು. 1996ರಿಂದ ಡಾಕ್ಟರುಗಳು ಬಳಸುವ ಅಳತೆಯಲ್ಲಿ ಸೊನ್ನೆಯಿಂದ ನಾಲ್ಕರವರೆಗೆ ಹಂತಗಳಿವೆ. ಎರಡನೆಯ ಹಂತವೆಂದರೆ ಇಳಿದ ಭಾಗ ಯೋನಿದ್ವಾರದ ಒಂದು ಸೆಂಟಿಮೀಟರು ಒಳಗೋ ಹೊರಗೋ ಇದೆ ಎಂದಷ್ಟೇ ಅರ್ಥ. ಹಂತಕ್ಕೂ ಸಂಕಟಕ್ಕೂ ನೇರ ಲೆಕ್ಕವಿಲ್ಲ. ಈ ಮಾತನ್ನು ನನಗೆ ಮೊದಲ ದಿನವೇ ಯಾರಾದರೂ ಹೇಳಿದ್ದರೆ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತಿತ್ತು.

ಹಾಗಾದರೆ ಇಳಿದ ನೀರನ್ನು ಏರಿಸಬಹುದೇ? ಇದಕ್ಕೆ ಮೊದಲು ವ್ಯವಸ್ಥಿತವಾಗಿ ಕೈಹಾಕಿದವರು ಅಮೆರಿಕದ ಸ್ತ್ರೀರೋಗ ವೈದ್ಯ ಆರ್ನಾಲ್ಡ್ ಕೀಗಲ್. ಹೆರಿಗೆಯ ನಂತರ ತಳದ ಸ್ನಾಯುವನ್ನು ಬಿಗಿದು ಬಿಡುವ ವ್ಯಾಯಾಮದ ಬಗ್ಗೆ 1948ರಲ್ಲಿ ಪ್ರಕಟಿಸಿದರು. ಇವತ್ತು ನರ್ಸುಗಳೂ ಮೊಬೈಲ್ ವಿಡಿಯೋಗಳೂ ಕೀಗಲ್ ಮಾಡಿ ಎನ್ನುವುದು ಅದನ್ನೇ. ಆದರೆ ಕೀಗಲ್ ಬಾಯಿಮಾತಿನಲ್ಲಿ ಹೇಳಿ ಕಳಿಸುತ್ತಿರಲಿಲ್ಲ. ಸ್ನಾಯು ಎಷ್ಟು ಒತ್ತುತ್ತಿದೆ ಎಂದು ತೋರಿಸುವ ಪುಟ್ಟ ಉಪಕರಣ ಮಾಡಿಕೊಂಡು, ಹೆಂಗಸು ಅದರ ಮುಳ್ಳನ್ನು ನೋಡುತ್ತ ಕಲಿಯುವ ಹಾಗೆ ಮಾಡಿದ್ದರು. ನಮ್ಮಲ್ಲಿ ಹೆಸರು ಉಳಿಯಿತು, ಕಲಿಸುವ ಭಾಗ ಬಿಟ್ಟುಹೋಯಿತು. ಅದರ ಫಲವನ್ನು 1991ರ ಒಂದು ಸಣ್ಣ ಅಧ್ಯಯನ ತೋರಿಸಿತು. 47 ಹೆಂಗಸರಿಗೆ ಬಾಯಲ್ಲಿ ಹೇಳಿಕೊಟ್ಟು ಮಾಡಿ ಎಂದರೆ, ಸರಿಯಾಗಿ ಮಾಡಿದವರು ಹೆಚ್ಚುಕಡಿಮೆ ಅರ್ಧದಷ್ಟು. ಕಾಲು ಭಾಗದಷ್ಟು ಹೆಂಗಸರು ಮಾಡಿದ್ದು ಅವರ ತೊಂದರೆಯನ್ನೇ ಹೆಚ್ಚಿಸುವಂಥದ್ದು.

ನಾನು ಆ ಕಾಲು ಭಾಗದಲ್ಲಿದ್ದೆ. ಫಿಸಿಯೋಥೆರಪಿ ಕೋಣೆಯಲ್ಲಿ ಮಂಡಿ ಮಡಚಿ ಅಂಗಾತ ಮಲಗಿದ್ದೆ. ಬಿಗಿಯಿರಿ ಅಂದಾಗ ಹೊಟ್ಟೆ ಉಬ್ಬಿಸಿ, ಉಸಿರು ಹಿಡಿದು, ತೊಡೆ ಜೋಡಿಸಿ ಜೋರಾಗಿ ಕೆಳಕ್ಕೆ ತಳ್ಳಿದೆ. ಕಲಿಸುತ್ತಿದ್ದ ಫಿಸಿಯೋಥೆರಪಿಸ್ಟ್ ಹುಡುಗಿ ಬೈಯಲಿಲ್ಲ. ನನ್ನ ಕೈಯನ್ನೇ ಹೊಟ್ಟೆಯ ಮೇಲೆ ಇಟ್ಟು, "ಆಂಟಿ, ಇಲ್ಲಿ ಗಟ್ಟಿ ಆಗಬಾರದು. ನಾಲ್ಕು ಜನ ಕೂತಿರೋ ಕಡೆ ಹೂಸು ಬರ್ತಿದೆ, ತಡೀಬೇಕು. ಹಿಂದಿನಿಂದ ಮುಂದಕ್ಕೆ, ಆಮೇಲೆ ಮೇಲಕ್ಕೆ. ಮುಖ ಸಡಿಲ ಬಿಡಿ, ಮಾತಾಡ್ತಾ ಮಾಡಿ" ಎಂದಳು. ನಾಲ್ಕನೇ ಸಲಕ್ಕೆ ಒಳಗೆ ಏನೋ ತುಸುವೇ ಮೇಲೆದ್ದು ನಿಂತ ಹಾಗಾಯಿತು. ಅಷ್ಟು ವರ್ಷ ನನ್ನ ಮೈಯಲ್ಲೇ ಇದ್ದು ನಾನು ಒಮ್ಮೆಯೂ ಮಾತಾಡಿಸದ ಜಾಗ. ಬಿಡುವುದನ್ನೂ ಆಕೆ ಅಷ್ಟೇ ಶ್ರದ್ಧೆಯಿಂದ ಕಲಿಸಿದಳು. ಪೂರ್ತಿ ಸಡಿಲಿಸದ ಸ್ನಾಯುವಿಗೆ ಮತ್ತೆ ಬಿಗಿಯಲು ಶಕ್ತಿಯಿರುವುದಿಲ್ಲ. ಮೂತ್ರ ಮಾಡುವಾಗ ಮಧ್ಯೆ ತಡೆದು ಅಭ್ಯಾಸ ಮಾಡಬಾರದು ಎಂದೂ ಹೇಳಿದಳು. ಸ್ನಾಯು ಯಾವುದೆಂದು ಗುರುತಿಸಲು ಒಂದು ಸಲ ತಡೆದು ನೋಡಿದರೆ ಸಾಕು.

ಹೀಗೆ ಕಲಿತು ಮಾಡಿದರೆ ಪ್ರಯೋಜನವಿದೆ ಎಂಬುದಕ್ಕೆ ಈಗ ಒಳ್ಳೆಯ ಪುರಾವೆ ಇದೆ. ನಾರ್ವೆಯ ಕಾರಿ ಬೋ ಮತ್ತು ಸಂಗಡಿಗರು 109 ಹೆಂಗಸರನ್ನು ಎರಡು ಗುಂಪು ಮಾಡಿ ಆರು ತಿಂಗಳು ನೋಡಿದರು. 2010ರಲ್ಲಿ ಫಲಿತಾಂಶ ಬಂತು. ತರಬೇತಿ ಪಡೆದವರಲ್ಲಿ ಶೇ 19 ಮಂದಿಗೆ ಜಾರಿಕೆ ಒಂದು ಹಂತ ಕಡಿಮೆಯಾಯಿತು, ಉಳಿದವರಲ್ಲಿ ಶೇ 8. ಸ್ಕ್ಯಾನಿನಲ್ಲಿ ಮೂತ್ರಕೋಶ ಮೂರು ಮಿಲಿಮೀಟರಿನಷ್ಟು ಮೇಲೇರಿದ್ದು ಕಂಡಿತು. ಮೂರು ಮಿಲಿಮೀಟರು ಕೇಳಲು ಚಿಕ್ಕದು, ದಿನವಿಡೀ ಕೆಳಗೆ ಉಜ್ಜುತ್ತಿದ್ದವರಿಗೆ ಚಿಕ್ಕದಲ್ಲ. 2014ರಲ್ಲಿ ಸುಝಾನ್ ಹೇಗನ್ ನೇತೃತ್ವದಲ್ಲಿ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡಿನ 447 ಮಹಿಳೆಯರ ಅಧ್ಯಯನ ಬಂತು. ಫಿಸಿಯೋಥೆರಪಿಸ್ಟರು 16 ವಾರಗಳಲ್ಲಿ ಐದು ಸಲ ಒಬ್ಬೊಬ್ಬರನ್ನೇ ಕೂರಿಸಿ ಕಲಿಸಿದ್ದರು, ವರ್ಷದ ಕೊನೆಗೆ ಅವರ ತೊಂದರೆ ಉಳಿದವರಿಗಿಂತ ಕಡಿಮೆಯಿತ್ತು. 2019ರ ಬ್ರಿಟಿಷ್ ಮಾರ್ಗಸೂಚಿ ಮೊದಲೆರಡು ಹಂತಗಳಲ್ಲಿ ತೊಂದರೆಯಿರುವವರಿಗೆ ಕನಿಷ್ಠ 16 ವಾರಗಳ ಮೇಲ್ವಿಚಾರಣೆಯ ತರಬೇತಿಯನ್ನು ಮೊದಲ ದಾರಿಯಾಗಿ ಸೂಚಿಸುತ್ತದೆ. ಅಭ್ಯಾಸದ ಪ್ರಮಾಣ ಸಾಮಾನ್ಯವಾಗಿ ಹೀಗೆ: ಆರರಿಂದ ಎಂಟು ಸೆಕೆಂಡು ಬಿಗಿಹಿಡಿತ, ಎಂಟರಿಂದ ಹನ್ನೆರಡು ಸಲ, ದಿನಕ್ಕೆ ಮೂರು ಬಾರಿ. ಎರಡು ವಾರಕ್ಕೆ ಏನೂ ಕಾಣದು. ಮೂರು ತಿಂಗಳಾದರೂ ತಾಳ್ಮೆ ಬೇಕು. ಮೂಳೆಯಿಂದ ಕಿತ್ತ ಸ್ನಾಯುವನ್ನು ಯಾವ ವ್ಯಾಯಾಮವೂ ಮತ್ತೆ ಅಂಟಿಸುವುದಿಲ್ಲ, ಪೂರ್ತಿ ಹೊರಬಂದ ಗರ್ಭಕೋಶವನ್ನು ಒಳಗೆ ಕಳಿಸುವುದಿಲ್ಲ ಎಂಬುದನ್ನೂ ಮುಚ್ಚಿಡಬಾರದು.

ಇಷ್ಟು ತಳದ ಸ್ನಾಯುವಿನ ಮಾತು. ಮೈಯ ಉಳಿದ ಭಾಗಕ್ಕೆ ಬಂದರೆ ವಾದ ಶುರುವಾಗುತ್ತದೆ. ಭಾರ ಎತ್ತಬೇಡಿ ಎಂಬ ಸಲಹೆಗೆ ಬುಡವಿಲ್ಲದಿಲ್ಲ. ಡೆನ್ಮಾರ್ಕಿನಲ್ಲಿ ರೋಗಿಗಳನ್ನು ದಿನವಿಡೀ ಎತ್ತಿ ಇಳಿಸುವ ಸಹಾಯಕ ನರ್ಸುಗಳು ಜಾರಿಕೆಯ ಆಪರೇಷನ್ನಿಗೆ ಒಳಗಾಗುವ ಸಂಭವ ಇತರ ಮಹಿಳೆಯರಿಗಿಂತ 1.6 ಪಟ್ಟು ಹೆಚ್ಚು ಎಂದು 1994ರಲ್ಲಿ ವರದಿಯಾಗಿತ್ತು. ಸಲಹೆಯನ್ನು ಗ್ರಾಂ ಲೆಕ್ಕಕ್ಕೆ ಇಳಿಸಿದಾಗ ಮಾತ್ರ ಅದು ಕುಂಟುತ್ತದೆ. 2006ರಲ್ಲಿ ಅಮೆರಿಕದ ವೈದ್ಯರು 30 ಹೆಂಗಸರ ಹೊಟ್ಟೆಯೊಳಗಿನ ಒತ್ತಡವನ್ನು, ಅವರು ಬೇರೆಬೇರೆ ಕೆಲಸ ಮಾಡುವಾಗ ಅಳೆದರು. ಆಪರೇಷನ್ ಆದವರಿಗೆ ನಿಷೇಧಿಸುವ ಎಷ್ಟೋ ಕೆಲಸಗಳು ಕುರ್ಚಿಯಿಂದ ಎದ್ದು ನಿಲ್ಲುವುದಕ್ಕಿಂತ ಹೆಚ್ಚು ಒತ್ತಡ ತಂದಿರಲಿಲ್ಲ. ಕುರ್ಚಿಯಿಂದ ಏಳಬೇಡಿ ಎಂದು ಯಾವ ಡಾಕ್ಟರೂ ಹೇಳುವುದಿಲ್ಲ. ತೂಕ ಎಷ್ಟು ಎಂಬುದರ ಜೊತೆಗೆ ಎಲ್ಲಿಂದ, ಹೇಗೆ ಎತ್ತಿದರು ಎಂಬುದೂ ಲೆಕ್ಕಕ್ಕೆ ಬಂತು. ಜೋರಾದ ಕೆಮ್ಮು ಇವೆಲ್ಲಕ್ಕಿಂತ ಮೇಲೆ ಹೋಗುವಂಥದ್ದು. ಒಲೆಯ ಹೊಗೆಯಲ್ಲಿ ವರ್ಷಗಟ್ಟಲೆ ಕೆಮ್ಮುವ ಹೆಂಗಸಿಗೆ ಕೊಡ ಎತ್ತಬೇಡ ಎಂದು ಹೇಳಿ ಕಳಿಸಿದರೆ ಅರ್ಧ ಕೆಲಸವೂ ಆಗಲಿಲ್ಲ.

ಇನ್ನೊಂದು ಕಡೆಯಿಂದಲೂ ಪುರಾವೆ ಬಂದಿದೆ. ಆಸ್ಟ್ರೇಲಿಯಾದ ಲೋರಿ ಫೋರ್ನರ್ ಮತ್ತು ಜೊತೆಯವರು ವ್ಯಾಯಾಮಕ್ಕಾಗಿ ತೂಕ ಎತ್ತುವ ಸಾವಿರಾರು ಮಹಿಳೆಯರ ಸಮೀಕ್ಷೆಯನ್ನು 2020ರಲ್ಲಿ ಪ್ರಕಟಿಸಿದರು. 50 ಕೆಜಿಗೂ ಹೆಚ್ಚು ಎತ್ತುವವರಲ್ಲಿ ಜಾರಿಕೆಯ ಲಕ್ಷಣಗಳು 15 ಕೆಜಿಯೊಳಗೆ ಎತ್ತುವವರಿಗಿಂತ ಕಡಿಮೆಯಿದ್ದವು. ಇದನ್ನು ಓದಿ ಯಾರೂ ನಾಳೆಯೇ ಬಾರ್‌ಬೆಲ್ಲಿಗೆ ಕೈಹಾಕಬಾರದು. ತೊಂದರೆಯಾದವರು ಆಗಲೇ ಭಾರ ಎತ್ತುವುದನ್ನು ಬಿಟ್ಟಿರಬಹುದು, ಒಂದು ಸಲದ ಸಮೀಕ್ಷೆ ಅದನ್ನು ಬೇರ್ಪಡಿಸದು. ಆದರೂ ಭಾರ ಎಂದರೆ ಜಾರಿಕೆ ಎಂಬ ನೇರ ಗೆರೆ ಇಲ್ಲವೆಂದು ತೋರಿಸಲು ಅದು ಸಾಕು. ನನ್ನ ತೀರ್ಮಾನ ಇದು: ಇಂಥ ವ್ಯಾಯಾಮ ಕೂಡದು ಎಂಬ ಪಟ್ಟಿಗಳು ಹೆಂಗಸರಿಗೆ ಉಪಕಾರಕ್ಕಿಂತ ಹೆಚ್ಚು ಅಪಕಾರ ಮಾಡಿವೆ. ಕೇಳಬೇಕಾದದ್ದು ಬೇರೆ ಪ್ರಶ್ನೆ. ಈ ಹೆಂಗಸಿನ ತಳ ಇವತ್ತು ಎಷ್ಟು ತಡೆಯುತ್ತದೆ, ಅವಳ ಉಸಿರು ಎಲ್ಲಿದೆ, ಮರುದಿನ ಬೆಳಗ್ಗೆ ಅವಳಿಗೆ ಹೇಗನ್ನಿಸುತ್ತದೆ?

ಉಸಿರಿನ ವಿಷಯ ಎಲ್ಲಕ್ಕಿಂತ ದೊಡ್ಡದು. ನಾವು ಭಾರ ಎತ್ತುವಾಗ ಉಸಿರು ಬಿಗಿಹಿಡಿಯುತ್ತೇವೆ. ಸೋದರತ್ತೆ ತುಟಿ ಬಿಗಿಯುತ್ತಿದ್ದದ್ದು ಅದಕ್ಕೇ. ಮೇಲೆ ಮುಚ್ಚಳ ಹಾಕಿದ ಹಾಗಾಗಿ ಒತ್ತಡವೆಲ್ಲ ಕೆಳಕ್ಕೆ ನುಗ್ಗುತ್ತದೆ. ಎತ್ತುವ ಮೊದಲು ತಳವನ್ನು ಬಿಗಿದು ಮೇಲೆಳೆದು, ಎತ್ತುವಾಗ ಬಾಯಿಂದ ಉಸಿರು ಬಿಡುತ್ತ ಎದ್ದರೆ ಅದೇ ಭಾರ ಬೇರೆ ಥರ ಬರುತ್ತದೆ. ಕೆಮ್ಮುವ ಮುಂಚೆ ಹೀಗೆ ಬಿಗಿಹಿಡಿದರೆ ಮೂತ್ರ ಸೋರುವುದು ಕಡಿಮೆಯಾಗುತ್ತದೆ ಎಂದು ಅಮೆರಿಕದ ಸಂಶೋಧಕರು 1998ರಲ್ಲಿ ತೋರಿಸಿದ್ದರು. ಜಾರಿಕೆಗೂ ಫಿಸಿಯೋಥೆರಪಿಸ್ಟರು ಅದೇ ಉಪಾಯ ಕಲಿಸುತ್ತಾರೆ. ಬಸ್ಕಿಗೂ ಅದೇ ನಿಯಮ: ಕುರ್ಚಿಯ ಎತ್ತರದವರೆಗೆ ಇಳಿದು, ಉಸಿರು ಬಿಡುತ್ತ ಏಳುವುದು. ಕುಕ್ಕರಗಾಲಲ್ಲಿ ಕೂತು ನೆಲದಿಂದ ತೂಕ ಎತ್ತುವುದು ಆಮೇಲಿನ ಮಾತು. ಎರಡು ಕಾಲನ್ನೂ ಒಟ್ಟಿಗೆ ಎತ್ತುವ ಉತ್ತಾನಪಾದಾಸನ, ನೌಕಾಸನ, ಪೂರ್ಣ ಪ್ಲ್ಯಾಂಕ್ ಇವುಗಳಲ್ಲಿ ಹೊಟ್ಟೆ ಉಬ್ಬಿ ಬರುತ್ತಿದ್ದರೆ ಒಂದು ಕಾಲು, ಮಂಡಿಯೂರಿದ ಪ್ಲ್ಯಾಂಕ್ ಎಂದು ಇಳಿಸಿಕೊಳ್ಳಬೇಕು. ನಡಿಗೆ, ಈಜು, ಸೈಕಲ್ ಬಹುತೇಕ ಎಲ್ಲರಿಗೂ ಒಗ್ಗುತ್ತವೆ. ಓಟ, ಹಗ್ಗದಾಟಗಳಲ್ಲಿ ಪ್ರತಿ ಹೆಜ್ಜೆಗೂ ತಳಕ್ಕೆ ಪೆಟ್ಟು ಬೀಳುವುದರಿಂದ ಅವು ಕೊನೆಗೆ ಬರಬೇಕು. ಬರಬಾರದು ಎಂದಲ್ಲ.

ಹೊತ್ತಿನ ವಿಚಾರವೂ ಇದೆ. ಜಾರಿಕೆ ಬೆಳಗ್ಗೆ ಕಡಿಮೆ, ಸಂಜೆಗೆ ಹೆಚ್ಚು. ನಿಂತು ದುಡಿದ ದಿನದ ಕೊನೆಗೆ ತಳ ದಣಿದಿರುತ್ತದೆ. ಕಷ್ಟದ ವ್ಯಾಯಾಮ ಬೆಳಗಿಗೆ, ಸಂಜೆಗೆ ಗೋಡೆಗೆ ಕಾಲು ಚಾಚಿ ಸೊಂಟದ ಕೆಳಗೆ ದಿಂಬಿಟ್ಟು ಹತ್ತು ನಿಮಿಷ ಮಲಗುವುದು ನನಗೆ ಹೊಂದಿತು. ವ್ಯಾಯಾಮದ ನಂತರ ಭಾರ ಅನ್ನಿಸಿ, ರಾತ್ರಿ ಮಲಗಿ ಎದ್ದಾಗ ಹೋಗಿದ್ದರೆ ಅಷ್ಟು ಸರಿಯಿತ್ತು. ಮರುದಿನವೂ ಉಳಿದರೆ ಹೆಚ್ಚಾಯಿತು ಎಂದರ್ಥ, ಮುಂದಿನ ಸಲ ಕಡಿಮೆ ಮಾಡಬೇಕು. ರಕ್ತಸ್ರಾವ, ಹೊರಬಂದ ಭಾಗದಲ್ಲಿ ಹುಣ್ಣು, ಮೂತ್ರ ಕಟ್ಟಿಕೊಳ್ಳುವುದು ಇವು ಕಂಡರೆ ವ್ಯಾಯಾಮದ ಯೋಚನೆ ಬಿಟ್ಟು ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಯೋಗದ ಬಗ್ಗೆ ನಮ್ಮವರು ಕೇಳಿಯೇ ಕೇಳುತ್ತಾರೆ. ಹಠಯೋಗ ಪ್ರದೀಪಿಕೆಯಲ್ಲಿ ಮೂಲಬಂಧ ಇದೆ. ಮೈಸೂರಿನ ಪಟ್ಟಾಭಿ ಜೋಯಿಸರು ಲೋಕಕ್ಕೆ ಕಲಿಸಿದ ಅಷ್ಟಾಂಗ ಪದ್ಧತಿಯಲ್ಲಿ ಅಭ್ಯಾಸದುದ್ದಕ್ಕೂ ಮೂಲಬಂಧ ಹಿಡಿಯಬೇಕೆನ್ನುತ್ತಾರೆ. ಅದರ ಉದ್ದೇಶ ಬೇರೆ, ಆದರೆ ಏಳುವ ಸ್ನಾಯು ಕೀಗಲ್ಲರದೇ. ಮೂಲಬಂಧ ಬಲ್ಲವರು ತರಬೇತಿಯಲ್ಲಿ ಬೇಗ ಮುಂದೆ ಹೋಗುತ್ತಾರೆ ಎಂದು ನನಗನ್ನಿಸುತ್ತದೆ, ಒಂದು ಎಚ್ಚರದೊಂದಿಗೆ. ದುರ್ಬಲ ಸ್ನಾಯುವನ್ನು ಗಂಟೆಗಟ್ಟಲೆ ಬಿಗಿಹಿಡಿದರೆ ಅದು ಸೋಲುತ್ತದೆ. ಸೇತುಬಂಧ, ಮಾರ್ಜಾಲಾಸನ, ವಿಪರೀತ ಕರಣಿ ಹಿತ. ಕಪಾಲಭಾತಿ, ಭಸ್ತ್ರಿಕೆಗಳನ್ನು ಲಕ್ಷಣವಿರುವಾಗ ನಾನು ಮಾಡುವುದಿಲ್ಲ, ಮಾಡಿ ಎಂದು ಹೇಳುವುದೂ ಇಲ್ಲ. ನಿಮಿಷಕ್ಕೆ ಎಷ್ಟೋ ಸಲ ಹೊಟ್ಟೆಯನ್ನು ಝಾಡಿಸಿದ ಒತ್ತಡ ಕೆಳಗೆ ತಟ್ಟುತ್ತದೆ. ಉಡ್ಡೀಯಾನದಲ್ಲಿ ಉಸಿರು ಹೊರಹಾಕಿ ಹೊಟ್ಟೆಯನ್ನು ಒಳಗೆಳೆದುಕೊಳ್ಳುವುದರಿಂದ ಒತ್ತಡ ತಗ್ಗುತ್ತದೆ. ಬೆಲ್ಜಿಯಂನ ಮಾರ್ಸೆಲ್ ಕಾಫ್ರಿಯೆ 1980ರ ದಶಕದಲ್ಲಿ ರೂಪಿಸಿದ ಹೈಪೋಪ್ರೆಸಿವ್ ವ್ಯಾಯಾಮಗಳು ಇದನ್ನೇ ಹೋಲುತ್ತವೆ. ಈಗ ಅವುಗಳಿಗೆ ಬಹಳ ಪ್ರಚಾರ. ಬ್ರೆಜಿಲಿನಲ್ಲಿ ಎರಡನ್ನೂ ಹೋಲಿಸಿ ನೋಡಿದಾಗ ಮೇಲಾಗಿದ್ದು ತಳದ ಸ್ನಾಯುವಿನ ಸಾದಾ ತರಬೇತಿಯೇ.

ವ್ಯಾಯಾಮದ ಚಾಪೆಯ ಮೇಲೆ ಅರ್ಧ ಗಂಟೆ ಕಾಪಾಡಿದ್ದನ್ನು ಪಾಯಿಖಾನೆಯಲ್ಲಿ ಹತ್ತು ನಿಮಿಷ ತಿಣುಕಿ ಕಳೆದುಕೊಳ್ಳುವವರಿದ್ದಾರೆ. ಸೊಪ್ಪು, ರಾಗಿ, ನೀರು, ಕಮೋಡಾದರೆ ಕಾಲಡಿಗೆ ಒಂದು ಮಣೆ, ಉಸಿರು ಕಟ್ಟದೆ ಕೂರುವುದು, ಇವನ್ನು ಚಿಕಿತ್ಸೆಯ ಭಾಗವೆಂದೇ ಎಣಿಸಬೇಕು. ತೂಕದ ಬಗ್ಗೆ ಒಂದು ಮಾತು: ತೂಕ ಏರಿದವರಲ್ಲಿ ಜಾರಿಕೆ ಹೆಚ್ಚಿದ್ದು ಅಧ್ಯಯನಗಳಲ್ಲಿ ಕಂಡಿದೆ, ಇಳಿಸಿದ ಮಾತ್ರಕ್ಕೆ ಜಾರಿದ್ದು ಮೇಲೇರಿದ್ದು ಕಂಡಿಲ್ಲ. ಹಾಗಾಗಿ ಏರುವ ಮೊದಲೇ ತಡೆಯುವುದು ಮೇಲು. ಅದಕ್ಕೂ ಮೈ ಆಡಬೇಕು. ಮುಟ್ಟು ನಿಂತ ಮೇಲೆ ಮೂಳೆ ಸವೆಯುವುದನ್ನು, ಸಕ್ಕರೆ ಕಾಯಿಲೆಯನ್ನು ತಡೆಯುವುದಕ್ಕೂ ಮೈ ಆಡಬೇಕು.

ಸಿಲಿಕೋನಿನ ಬಳೆಯಂಥ ಪೆಸರಿ ಎಂಬ ಸಾಧನವನ್ನು ನಮ್ಮ ಡಾಕ್ಟರುಗಳು ರಿಂಗ್ ಎನ್ನುತ್ತಾರೆ. ಅದನ್ನು ಮುದುಕಿಯರಿಗೆ, ಆಪರೇಷನ್ ತಡೆಯಲಾರದವರಿಗೆ ಮಾತ್ರ ಎಂದುಕೊಳ್ಳುವುದು ತಪ್ಪು. ಓಡಲು ಇಷ್ಟವಿರುವ ಮೂವತ್ತೈದರ ಹೆಂಗಸು ಅದನ್ನು ಓಟದ ಹೊತ್ತಿಗೆ ಮಾತ್ರ ಇಟ್ಟುಕೊಂಡು ಆಮೇಲೆ ತೆಗೆಯಬಹುದು, ಹಾಕಿ ತೆಗೆಯುವುದನ್ನು ಕಲಿಸುವವರು ಬೇಕು ಅಷ್ಟೆ. ಗರ್ಭಕೋಶ ತೆಗೆಸಿಬಿಟ್ಟರೆ ಮುಗಿಯಿತು ಎಂಬ ನಂಬಿಕೆಯೂ ಸರಿಯಲ್ಲ. ತೆಗೆದ ಮೇಲೆ ಉಳಿದ ಯೋನಿಯ ಮೇಲ್ಭಾಗವೇ ಜಾರುವುದುಂಟು. ಕಲಬುರಗಿಯ ತಾಂಡಾಗಳ ಲಂಬಾಣಿ ಹೆಂಗಸರು ಅನಗತ್ಯವಾಗಿ ಗರ್ಭಕೋಶ ಕಳೆದುಕೊಂಡದ್ದನ್ನು ಪ್ರತಿಭಟಿಸಿ 2017ರಲ್ಲಿ ಬೀದಿಗಿಳಿದಿದ್ದರು. ಕೆಳಹೊಟ್ಟೆಯ ನೋವು ಹೇಳಿಕೊಂಡು ಹೋದ ಬಡ ಹೆಂಗಸಿಗೆ ಚಾಕು ಎಷ್ಟು ಸುಲಭವಾಗಿ ಸಿಗುತ್ತದೆ ಎಂಬುದನ್ನು ಅದು ತೋರಿಸಿತು. 16 ವಾರಗಳ ಫಿಸಿಯೋಥೆರಪಿ ಅವಳಿಗೆ ಹಾಗೆ ಸಿಗುವುದಿಲ್ಲ.

ನೇಪಾಳದ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ, ಗರ್ಭಕೋಶ ಜಾರಿಕೆಯನ್ನು ಹೆಂಗಸರ ಸಂತಾನ ಆರೋಗ್ಯದ ಹಕ್ಕಿನ ಉಲ್ಲಂಘನೆಯಾಗಿ ಕಂಡು ಸರ್ಕಾರಕ್ಕೆ ನಿರ್ದೇಶನ ಕೊಟ್ಟಿತು. ಬಾಣಂತನ ಮುಗಿಯುವ ಮುಂಚೆಯೇ ಗುಡ್ಡದ ಹಾದಿಯಲ್ಲಿ ಹೊರೆ ಹೊರುವ ಹೆಂಗಸರ ದೇಶ ಅದು. ನಮ್ಮ ದೇಶದಲ್ಲೇ, ವೈದ್ಯೆ ರಾಣಿ ಬಂಗ್ ಮತ್ತು ಸಂಗಡಿಗರು ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳಲ್ಲಿ 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ಬರೆದಾಗ, ಶೇ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗ ಇತ್ತು, ಅದಕ್ಕಾಗಿ ಹಿಂದೆ ಪರೀಕ್ಷೆ ಮಾಡಿಸಿಕೊಂಡವರು ಶೇ 8 ಮಾತ್ರ. ಆ ಹೆಂಗಸರಿಗೆ ಕೀಗಲ್, ಪೆಸರಿ ಎಂಬ ಪದಗಳು ತಲುಪುವುದಕ್ಕೆ ಮುಂಚೆ, ಇದು ಯಾರಿಗಾದರೂ ಹೇಳಿಕೊಳ್ಳಬಹುದಾದ ತೊಂದರೆ ಎಂಬುದು ತಲುಪಬೇಕು. ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ ಹೇಗೂ ಹೋಗುತ್ತಾರೆ. ಮಗುವಿನ ತೂಕ ನೋಡಿದ ಮೇಲೆ ಏನಾದರೂ ಕೆಳಗೆ ಬಂದ ಹಾಗಾಗುತ್ತದೆಯೇ ಎಂದು ತಾಯಿಯನ್ನು ಕೇಳಿ, ಬಿಗಿದು ಬಿಡುವುದನ್ನು ಕಲಿಸಲು ಅವರಿಗೇ ತರಬೇತಿ ಕೊಡಬೇಕು ಎಂಬುದು ನನ್ನ ಆಸೆ.

ನಮ್ಮ ಮನೆಗೆಲಸಕ್ಕೆ ಬರುವಾಕೆಗೆ ಮೂವತ್ತೊಂಬತ್ತು, ಮೂರು ಮಕ್ಕಳು. ಹೋದ ಮಳೆಗಾಲದಲ್ಲಿ ಬಟ್ಟೆ ಒಗೆದು ಎದ್ದವಳು ಸೀರೆಯ ನೆರಿಗೆಯನ್ನು ಕೆಳಗೆ ಒತ್ತಿ ಹಿಡಿದದ್ದನ್ನು ನೋಡಿ ನನ್ನ ಎದೆ ಧಸಕ್ಕೆಂದಿತು. ಕೇಳಿದೆ. ತಲೆ ತಗ್ಗಿಸಿ, "ಹ್ಞೂ ಅಕ್ಕ, ಎರಡು ವರ್ಷ ಆಯ್ತು" ಎಂದಳು. ಜೊತೆಗೆ ಹೋಗಿ ಪರೀಕ್ಷೆ ಮಾಡಿಸಿದೆ, ಒಂದನೇ ಹಂತ. ಆ ಫಿಸಿಯೋ ಹುಡುಗಿಯ ಹತ್ತಿರ ಮೂರು ಸಲ ಹೋಗಿ ಬಂದಳು. ಈಗ ಕೆಲಸ ಮುಗಿದ ಮೇಲೆ ಹಜಾರದಲ್ಲಿ ಚಾಪೆ ಹಾಸಿ ಇಬ್ಬರೂ ಮಲಗಿ ಎಣಿಸುತ್ತೇವೆ. ಮೊನ್ನೆ ಒಗೆದ ಬಟ್ಟೆಯ ಬಕೆಟ್ ಎತ್ತಿದವಳು ಎರಡು ಹೆಜ್ಜೆ ಹೋಗಿ ಥಟ್ಟನೆ ನಿಂತಳು. "ಅಯ್ಯೋ ಅಕ್ಕ, ಉಸಿರು ಬಿಡೋದೇ ಮರ್ತೆ" ಎಂದು ಬಕೆಟ್ಟನ್ನು ಕೆಳಗಿಟ್ಟಳು. ಅರ್ಧ ಬಟ್ಟೆ ತೆಗೆದು ನನ್ನ ಕೈಗೆ ಕೊಟ್ಟು, ಮಂಡಿ ಮಡಚಿ, ಬಾಯಿಂದ ಉಸಿರು ಬಿಡುತ್ತ ಮತ್ತೆ ಎತ್ತಿಕೊಂಡು ಮಹಡಿಗೆ ಹೋದಳು.